ಠರಾವಿನ ಕೆಳಗಿನ ನನ್ನ ಸಹಿ

ನಾನು ಕಲಿತದ್ದು ಎರಡನೇ ಈಯತ್ತೆವರೆಗೆ. ಆಳಂದದ ಕಡೆಯ ನನ್ನ ತವರೂರಿನಲ್ಲಿ ಆಗ ಹೆಣ್ಣುಮಕ್ಕಳಿಗೆ ಅದೇ ಹೆಚ್ಚು. ಜೇವರ್ಗಿ ತಾಲೂಕಿನ ಈ ಊರಿಗೆ ಸೊಸೆಯಾಗಿ ಬಂದ ಮೇಲೆ ಆ ಕಲಿಕೆ ಸಹಿ ಮಾಡುವುದಕ್ಕೆ ಮಾತ್ರ ಉಳಿಯಿತು. ಓರಗೆಯವರು ಹೆಬ್ಬೆಟ್ಟು ಒತ್ತುವಾಗ ನಾನು ಪೆನ್ನು ಕೇಳುತ್ತಿದ್ದೆ. ಆ ಸೊಕ್ಕೇ ನನ್ನನ್ನು ಸಿಕ್ಕಿಸಿದ್ದು.

ಗ್ರಾಮಸಭೆಗೆ ನಾವು ಹೆಂಗಸರು ಹೋಗುತ್ತಿದ್ದದ್ದು ಹೀಗೆ. ಪಂಚಾಯ್ತಿಯ ಮೈಕು ಕೂಗಿದ ಮೇಲೆ ಹೋಗಿ ಪುಸ್ತಕದಲ್ಲಿ ಸಹಿ ಹಾಕುವುದು, ಚಹಾ ಕುಡಿಯುವುದು, ರೊಟ್ಟಿ ಬಡಿಯಲು ಮನೆಗೆ ಬರುವುದು. ಊರಿಗೆ ಏನು ಬೇಕು, ಎಲ್ಲಿ ಬೇಕು ಎಂಬ ಮಾತೆಲ್ಲ ಗಂಡಸರ ನಡುವೆ. ಹೋದ ವರ್ಷವೂ ಹಾಗೇ ಸಹಿ ಮಾಡಿ ಬಂದೆ. ಏನು ಠರಾವು ಮಾಡಿದರೆಂದು ಕೇಳಲಿಲ್ಲ.

ಈ ಬೇಸಿಗೆಯಲ್ಲಿ ಹಳ್ಳದ ಮಗ್ಗುಲಿನ ತಗ್ಗಿನಲ್ಲಿ ಸುಣ್ಣದ ಗೆರೆ ಹಾಕಿದ್ದು ಕಂಡೆ. ಹೊಸ ಅಂಗನವಾಡಿ ಅಲ್ಲಿ ಕಟ್ಟುತ್ತಾರಂತೆ. ಆ ತಗ್ಗಿನಲ್ಲಿ ಮೊದಲು ನಮ್ಮ ಮನೆ ಇತ್ತು. ಒಂದು ಮಳೆಗಾಲ ಹಳ್ಳದ ನೀರು ಒಳಗೆ ನುಗ್ಗಿ, ಕಟ್ಟಿದ ಆಕಳು ಕಟ್ಟಿದಲ್ಲೇ ಸತ್ತಿತು. ಕೂಸುಗಳನ್ನು ಹೆಗಲ ಮೇಲೆ ಹೊತ್ತು ಹೊರಬಿದ್ದೆವು. ಬೇಸಿಗೆಯಲ್ಲಿ ನೋಡಿದವರಿಗೆ ಅದು ಒಳ್ಳೆಯ ಖುಲ್ಲಾ ಜಾಗ. ಎರೆಮಣ್ಣು ಬಿರಿದಿರುತ್ತದೆ, ಹನಿ ನೀರಿರುವುದಿಲ್ಲ. ನನ್ನ ಮೊಮ್ಮಗಳಿಗೆ ಈಗ ಮೂರು ತುಂಬಿದೆ. ಅಲ್ಲಿ ಹೋಗಿ ಕೂಡುವವಳು ಅವಳು.

ಮುಂದಿನ ಗ್ರಾಮಸಭೆಯಲ್ಲಿ ಚಹಾ ಮುಗಿದರೂ ನಾನು ಏಳಲಿಲ್ಲ. ಆ ಜಾಗ ಬೇಡವೆಂದೆ. ನಮ್ಮ ಓಣಿಯ ಮೆಂಬರ್, ನಾನೇ ಎತ್ತಿ ಆಡಿಸಿದವನು, ಹಳೆಯ ಪುಸ್ತಕ ತೆರೆದು ಹೋದ ವರ್ಷದ ಠರಾವು ತೋರಿಸಿದ.

"ಆಯಿ, ಈ ಠರಾವಿನ ಕೆಳಗ ಸಹಿ ಯಾರದು? ದುಂಡಗ ಎಷ್ಟು ಛಂದ ಬರದಿ ನೋಡು."

ಗಂಡಸರೆಲ್ಲ ನಕ್ಕರು. ಸಹಿ ನನ್ನದೇ. ಸುಳ್ಳು ಹೇಳಿ ಏನು ಮಾಡಲಿ?

"ನಂದೇ ಅದ. ಓದದೇ ಮಾಡೀನಿ, ತಪ್ಪು ನಂದು. ನೀ ಓದಿ ಮಾಡೀಯೇನಲೇ? ನಿನ್ನ ಮಗನೂ ಅಲ್ಲೇ ಕೂಡಾಂವ ಅದಾನ."

ನಗು ನಿಂತಿತು. ಪಂಚಾಯ್ತಿಗೆ ಹೊಸದಾಗಿ ಬಂದ ಅಧಿಕಾರಿ ನನ್ನ ಸೊಸೆಯ ವಯಸ್ಸಿನ ಹೆಣ್ಣುಮಗಳು. ನೀರು ಬಂದದ್ದಕ್ಕೆ ಗುರುತೇನಾದರೂ ಇದೆಯೇ ಎಂದು ಕೇಳಿದಳು. ಬರ್ರಿ, ತೋರಿಸ್ತೇನಿ ಎಂದು ಎದ್ದೆ. ಬಿಸಿಲಿನಲ್ಲಿ ಇಡೀ ಸಭೆ ನನ್ನ ಹಿಂದೆ ಬಂತು.

ನಮ್ಮ ಹಳೆಯ ಮನೆಯ ಒಂದು ಗೋಡೆ ಜಾಲಿಗಿಡಗಳ ನಡುವೆ ಇನ್ನೂ ನಿಂತಿದೆ. ಮುಳ್ಳು ಸರಿಸಿದರೆ ಗೋಡೆಗೆ ಹಿಡಿದ ಕೆಸರಿನ ಗೆರೆ ಹಾಗೇ ಇತ್ತು. ಅಧಿಕಾರಿ ಪಕ್ಕದಲ್ಲಿ ನಿಂತು ನೋಡಿದಳು. ಗೆರೆ ಅವಳ ಸೊಂಟಕ್ಕೆ ಬಂತು. ಮೂರು ವರ್ಷದ ಕೂಸಿಗೆ ಎಲ್ಲಿಗೆ ಬರುತ್ತದೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಬೇರೆ ಜಾಗ ಇಲ್ಲವೇ ಎಂದಳು. ಶಾಲೆಯ ಹಿಂದಿನ ದಿಬ್ಬ ಪಂಚಾಯ್ತಿಯದೇ, ಆದರೆ ಅದರ ಮೇಲೆ ಮೆಂಬರನ ಜೋಳದ ಕಣಿಕೆಯ ಬಣವೆ ಕೂತಿದೆ. ಊರಿಗೆಲ್ಲ ಗೊತ್ತಿದ್ದರೂ ಯಾರೂ ಆಡದ ಮಾತು. ನಾನು ಆಡಿದೆ.

ಅವನು ಗೋಡೆಯ ಗೆರೆಯನ್ನು ಇನ್ನೊಮ್ಮೆ ನೋಡಿದ.

"ಬಣವಿ ತಗೀತೇನಿ, ಆಯಿ. ಇನ್ನ ಬೈಬ್ಯಾಡ."

ಪಂಚಾಯ್ತಿಗೆ ಮರಳಿ ಹೊಸ ಠರಾವು ಬರೆದು ಪುಸ್ತಕವನ್ನು ನನ್ನ ಮುಂದಿಟ್ಟರು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಹೊತ್ತು ಹಿಡಿಯಿತು. ರೊಟ್ಟಿಗೆ ತಡವಾಗುತ್ತದೆಂದು ಹೆಂಗಸರು ಗೊಣಗಿದರು, ಆದರೆ ಒಬ್ಬಳೂ ಏಳಲಿಲ್ಲ. 'ಶಾಲೆಯ ಹಿಂದಿನ ದಿಬ್ಬ' ಎಂಬುದು ಸಿಕ್ಕಿದ ಮೇಲೇ ಸಹಿ ಹಾಕಿದೆ.

ದಿಬ್ಬದ ಮೇಲೆ ಗೋಡೆ ಈಗ ಅರ್ಧ ಎದ್ದಿದೆ. ಮೊನ್ನೆ ಮಳೆ ಜೋರಾಗಿ, ಹಳ್ಳ ತಗ್ಗಿನ ತುಂಬ ನಿಂತಿತ್ತು. ಸುಣ್ಣದ ಗೆರೆಯ ಗುರುತೂ ಇಲ್ಲ. ಹೋಗಿ ಕಣ್ಣಾರೆ ನೋಡಿದೆ. ನೀರು ಬರಲಿ, ಅಲ್ಲಿ ಈಗ ಯಾರೂ ಕೂತಿಲ್ಲ ಎಂದುಕೊಂಡು ಮನೆಗೆ ಬಂದು ರೊಟ್ಟಿ ಬಡಿದೆ.