ಅನುಸಯಾಳ ಹೆಬ್ಬೆರಳು

ಬಾಂಗ್ಲಾ ಯುದ್ಧ ಮುಗಿದ ಮರುಚೈತ್ರ, ಒಂದು ಬುಧವಾರ ಅನುಸಯಾ ನಮ್ಮ ಕಟ್ಟೆಗೆ ಮೊದಲು ಬಂದಳು. ಕೊಲ್ಲಾಪುರದ ಚಪ್ಪಲಿ ಓಣಿಯಲ್ಲಿ ನಾನು ತೊಗಲಿನ ಜಡೆ ಹೆಣೆಯುತ್ತ ಕೂತಿದ್ದೆ. ಹದಿನೇಳರ ಹುಡುಗಿ, ಎಡಗಾಲನ್ನು ಹಿಮ್ಮಡಿಯ ಮೇಲಷ್ಟೇ ಊರುತ್ತ ಬಂದಳು. ಒಂದು ಚಪ್ಪಲಿ ಕೈಯಲ್ಲಿತ್ತು; ಹೆಬ್ಬೆರಳು ತೂರಿಸುವ ಅದರ ಉಂಗುಟ ತೋರಿಸಿದಳು.

"ಮಾವಶಿ, ಈ ಉಂಗುಟ ಸಡ್ಲ ಮಾಡಿ ಕೊಡ್ರಿ. ಬೆರಳು ಹೋಗವಲ್ದು."

"ಉಂಗುಟ ಸರಿ ಐತಿ. ಬೆರಳು ತೋರ್ಸು."

"ಬೆರಳಿಗೆ ಏನೂ ಆಗಿಲ್ರಿ."

"ಏನೂ ಆಗದ ಬೆರಳು ಬದನಿಕಾಯಿ ಬಣ್ಣಕ್ಕ ಬರ್ತೈತೇನು?"

ಅವಳು ಖೋಖೋ ತಂಡದ ಮುಖ್ಯಸ್ಥೆ. ಆ ಆಟದಲ್ಲಿ ಸಾಲಾಗಿ ಕೂತವರು ಹಿಮ್ಮಡಿ ಎತ್ತಿ, ಬೆರಳ ಮೇಲೆ ಭಾರ ಹಾಕಿ ಕಾಯಬೇಕು. ಬೆನ್ನು ತಟ್ಟಿದೊಡನೆ ಚಿಮ್ಮಬೇಕು. ಹಿಂದಿನ ಸಂಜೆ ಚಿಮ್ಮುವಾಗ ಹೆಬ್ಬೆರಳು ನೆಲಕ್ಕೆ ಕಚ್ಚಿಕೊಂಡು ನಿಂತು ಮೈ ಮುಂದೆ ಹೋಗಿತ್ತು. ಬೆರಳು ಹಿಂದಕ್ಕೆ ಮಡಚಿತ್ತು. ಕುಸ್ತಿ ಕಲಿಸುವ ತಾಲೀಮಿನ ವಸ್ತಾದರು ಬಿಸಿ ಎಣ್ಣೆ ತಿಕ್ಕಿ, ಎರಡು ಸಲ ಎಳೆದು ನೆಟಿಗೆ ತೆಗೆದಿದ್ದರು. ಊದಿದ್ದು ಅದಾದ ಮೇಲೆಯೇ.

ಬೆರಳಿನ ಮೇಲ್ಗಡೆ ಒತ್ತಿದೆ, ಸುಮ್ಮನಿದ್ದಳು. ಅಡಿಯಲ್ಲಿ ಬುಡದ ಗೆಣ್ಣಿನ ಹತ್ತಿರ ಒತ್ತಿದಾಗ ನನ್ನ ಸೆರಗು ಹಿಡಿದಳು. ದವಾಖಾನೆಗೆ ಕಳಿಸಿದೆ. ಎಕ್ಸ್‌ರೇ ಫೋಟೋದಲ್ಲಿ ಎಲುಬು ನೆಟ್ಟಗಿತ್ತು, ನರ ಉಳುಕಿತ್ತು. ಮೂರು ವಾರ ಓಡಬೇಡ ಎಂದರಂತೆ ಡಾಕ್ಟರು. ಮಧ್ಯಾಹ್ನ ಮತ್ತೆ ಬಂದಳು.

"ಭಾನುವಾರ ಸಾಂಗ್ಲಿಯವರ ಕೂಡ ಫೈನಲ್ ಐತ್ರಿ. ಗೆದ್ರ ನಾಗಪುರಕ್ಕ ದೊಡ್ಡ ಆಟಕ್ಕ ಹೋಗೂದು. ಬೂಟಿನೊಳಗ ಗಟ್ಟಿ ತೊಗಲು ಇಟ್ರ ಬೆರಳು ಬಗ್ಗೂದಿಲ್ಲಂತ. ಮಾಡಿ ಕೊಡ್ರಿ, ಆಡ್ತೀನಿ."

ನಮ್ಮ ಯಜಮಾನರು ತೊಗಲು ಕೊಯ್ಯುವ ರಂಪಿಗೆ ಮಸೆಯುತ್ತಿದ್ದವರು ತಲೆ ಎತ್ತಲಿಲ್ಲ. "ಮಾಡಿ ಕೊಡೋಣು. ಅದು ನಡ್ಯಾಕ, ಆಡಾಕಲ್ಲ. ಹರಿದ ಹೊಲಿಗಿ ಎಳೆದ್ರ ಮತ್ತಷ್ಟು ಹರೀತೈತಿ."

"ಕಾಕಾ, ನಾನೇನು ಚಪ್ಪಲಿ ಅಲ್ರಿ."

"ಹೌದವ್ವಾ. ಚಪ್ಪಲಿ ಆಗಿದ್ರ ಹೊಸಾದು ಕೊಡ್ತಿದ್ದೆ."

ಪಾದವನ್ನು ಕಲ್ಲಿನ ಮೇಲೆ ಇಡಿಸಿ ಸುತ್ತ ಸೀಮೆಸುಣ್ಣ ಎಳೆದೆ. ಎಮ್ಮೆಯ ತೊಗಲು ಕತ್ತರಿಸಿ, ನೆನೆಸಿ, ಬಡಿದು ಮಾಳಿಗೆಯ ಬಿಸಿಲಿಗೆ ಹಾಕಿದೆ. ಬೆರಳಿಗೆ ತಣ್ಣೀರ ಬಟ್ಟೆ ಸುತ್ತಿ, ಕಾಲನ್ನು ಗೋಣಿಚೀಲದ ಮೇಲೆ ಎತ್ತರಕ್ಕೆ ಇಡಿಸಿದೆ. ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಅರಿವೆ ಇಟ್ಟು ಎರಡನ್ನೂ ಕೂಡಿಸಿ ಕಟ್ಟಿದೆ, ಬಿಗಿಯಾಗಿ ಅಲ್ಲ, ಉಗುರಿನ ಕೆಂಪು ಉಳಿಯುವಷ್ಟು.

ಶುಕ್ರವಾರ ಬಂದಳು. "ಒಣಗೇತೇನ್ರಿ?"

"ಇಲ್ಲವ್ವಾ. ಹಸಿ ತೊಗಲು ಬಗ್ಗತೈತಿ, ಉಪಯೋಗಿಲ್ಲ."

ಶನಿವಾರವೂ ಅದೇ ಹೇಳಿದೆ. "ನಿಮ್ಮ ತೊಗಲು ನಮ್ಮ ಅಜ್ಜಿಗಿಂತ ನಿಧಾನ ಬಿಡ್ರಿ" ಎಂದು ಹೋದಳು. ಆಗಲೇ ಒಣಗಿದ್ದ ತೊಗಲು ನನ್ನ ಚಾಪೆಯ ಕೆಳಗಿತ್ತು.

ಭಾನುವಾರ ಗೆರೆಯ ಹೊರಗೆ ಕೂತು ಕೂಗಿದಳಂತೆ. ತಂಡ ಒಂದು ಅಂಕದಿಂದ ಸೋತಿತು. ಸೋಮವಾರ ತೊಗಲು ಕೊಟ್ಟೆ. ಒಣಗಿದೆಯೇ ಎಂದು ಅದನ್ನು ಗೋಡೆಗೆ ಬಡಿದು ನೋಡಿದಳು. ಬೂಟಿನೊಳಗಿಟ್ಟುಕೊಂಡು ಮೆಲ್ಲಗೆ ನಡೆದು ಹೋದಳು.

ನಾಲ್ಕನೆಯ ವಾರ ತುದಿಬೆರಳ ಮೇಲೆ ನಿಂತಳು, ನೋವಿರಲಿಲ್ಲ. ಆಮೇಲೆ ನಿಧಾನ ಓಟ, ಕಡೆಗೆ ಚಿಮ್ಮುವುದು. ಒಂಬತ್ತು ವರ್ಷ ಆಡಿದಳು, ನಾಗಪುರಕ್ಕೂ ಹೋದಳು. ಆದರೆ ಆ ತಂಡ ಮತ್ತೆ ಕೂಡಲಿಲ್ಲ, ಹುಡುಗಿಯರಿಗೆ ಮದುವೆಯಾಗಿತ್ತು. ಮುಂದೆ ಅದೇ ಮೈದಾನದಲ್ಲಿ ಆಟ ಕಲಿಸಿದಳು. ಬೆರಳು ಉಳುಕಿದವರನ್ನೆಲ್ಲ ಮೊದಲು ದವಾಖಾನೆಗೆ, ಆಮೇಲೆ ನಮ್ಮ ಕಟ್ಟೆಗೆ ಕಳಿಸುತ್ತಿದ್ದಳು, "ಯಾರ್ ಕೈಲೂ ಎಳಿಸ್ಕೋಬ್ಯಾಡ್ರಿ" ಎಂದು ಹೇಳಿ. ಯಜಮಾನರು ಹೋದ ಮೇಲೂ ನನ್ನ ಕಲ್ಲಿನ ಮೇಲೆ ಸೀಮೆಸುಣ್ಣದ ಪಾದಗಳು ಬೀಳುವುದು ನಿಲ್ಲಲಿಲ್ಲ. ಈಗಲೂ ಬರಿಗಲ್ಲು ಕಂಡರೆ ಆ ಸಣ್ಣ ಎಡಪಾದವೇ ನೆನಪಾಗುತ್ತದೆ.

ಹೋದ ಚೈತ್ರದಲ್ಲಿ ಕೊನೆಯ ಸಲ ಬಂದಿದ್ದಳು. ಶ್ರಾವಣಕ್ಕೆ ಅವಳಿರಲಿಲ್ಲ. ಆವತ್ತು ಬಂದಾಗ ತಲೆಯೆಲ್ಲ ಬೆಳ್ಳಗೆ, ಉಸಿರು ಸಣ್ಣ. ಭಾಕರಿ, ಝುಣಕಾ ಉಂಡು ಬಿಸಿಲಿಗೆ ಕೂತಳು. ಪಕ್ಕದಲ್ಲಿ ನನ್ನ ತೊಗಲು ಒಣಗುತ್ತಿತ್ತು. ಒಂದನ್ನು ಎತ್ತಿ ಗೋಡೆಗೆ ಬಡಿದಳು, ಟಕ್ ಎಂದು ಒಣಗಿದ ಸದ್ದು ಬಂತು.

"ಯಾವಾಗ ಹಾಕೀರಿ ಇದನ್ನ?"

"ನಿನ್ನಿ ಮುಂಜಾನೆ."

ಅದನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತ ಕೇಳಿದಳು:

"ಹಂಗಾದ್ರ ಆವತ್ತು ನಂದು ನಾಕ್ ದಿನಾ ಯಾಕ ಒಣಗಲಿಲ್ಲ, ಮಾವಶಿ?"