ನೆನಪಿದ್ದವನ ಕಾಯಿಲೆ

ಏನೂ ಮರೆಯದ ಮನುಷ್ಯನಿಗೆ ಮರೆವಿನ ರೋಗ ಅಂದರೆ ಯಾರು ನಂಬುತ್ತಾರೆ ಹೇಳಿ? ದರ್ಜಿಯ ಹೆಂಡತಿಯಂತೂ ನಂಬಲಿಲ್ಲ.

ಆ ಅಂಗಡಿಯಲ್ಲಿ ಕತ್ತರಿ ಅವನದು, ಹೊಲಿಗೆ ಯಂತ್ರ ಅವಳದು. ಈಚೆಗೆ ಅವನು ಬಟ್ಟೆ ಹರಡಿ, ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತುಬಿಡುತ್ತಿದ್ದ. ಕೇಳಿದರೆ ಬೆಳಕು ಸಾಲದು ಎನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಎದುರಿನ ಸಿದ್ಧ ಉಡುಪಿನ ಅಂಗಡಿಯ ಹೊಲಿಗೆಯನ್ನು ಅವಳು ಒಪ್ಪಿಕೊಂಡಿದ್ದು ಅವನಿಗೆ ಹಿಡಿಸಿರಲಿಲ್ಲ. ಅದಕ್ಕೇ ಈ ಮುಷ್ಕರ ಎಂದು ಅವಳು ತೀರ್ಮಾನಿಸಿದಳು.

"ರೀ, ಆ ಗೂನುಬೆನ್ನಿನ ಮೇಷ್ಟ್ರ ಕೋಟಿನ ಅಳತೆ ಎಷ್ಟಿತ್ತು?" ಎಂದು ಒಮ್ಮೆ ಪರೀಕ್ಷಿಸಿದಳು. ಎದೆ, ಸೊಂಟ, ತೋಳು ಎಲ್ಲ ಹೇಳಿ, ಎಡಭುಜ ಸ್ವಲ್ಪ ಇಳಿಜಾರು ಎಂಬುದನ್ನೂ ಸೇರಿಸಿದ. ಮೇಷ್ಟ್ರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು.

"ಸತ್ತವರ ಸೊಂಟ ನೆನಪಿದೆ, ಎದುರಿಗಿರೋ ಬಟ್ಟೆ ಕತ್ತರಿಸೋಕೆ ಬರಲ್ವಾ? ಸಾಕು ಮಾಡಿ ನಾಟಕ!"

ಅವನು ಹರಡಿದ್ದ ಬಟ್ಟೆಯನ್ನು ಮತ್ತೆ ಮಡಚಿಟ್ಟ.

ಡಾಕ್ಟರಾದರೂ ಬುದ್ಧಿ ಹೇಳಲಿ ಎಂದು ಅವನನ್ನು ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿನ ಡಾಕ್ಟರಮ್ಮ ಅವನ ತಲೆಯ ಸ್ಕ್ಯಾನ್ ತೋರಿಸಿದರು. "ಮಿದುಳಿಗೆ ರಕ್ತ ಸಾಲದೆ ಬರೋ ಮರೆವು ಒಂದೇ ತರ ಇರಲ್ಲಮ್ಮ. ಕೆಲವರಿಗೆ ದೊಡ್ಡ ರಕ್ತನಾಳ ಕಟ್ಟಿಕೊಳ್ಳುತ್ತೆ. ಕೆಲವರಿಗೆ ಮುಖ್ಯವಾದ ಜಾಗದಲ್ಲಿ ಒಂದೇ ಚಿಕ್ಕ ಪೆಟ್ಟು ಸಾಕು. ಇವರಿಗೆ ಮಿದುಳಿನ ಒಳಗಿನ ಸಣ್ಣ ನಾಳಗಳು ಕೆಟ್ಟಿವೆ. ಇಂಥವರಿಗೆ ನೆನಪು ಎಷ್ಟೋ ಉಳಿದಿರುತ್ತೆ. ಕೆಲಸ ಎಲ್ಲಿಂದ ಶುರು, ಆಮೇಲೇನು ಅನ್ನೋದೇ ಹೊಳೆಯಲ್ಲ."

"ಹಾಗಾದ್ರೆ ಔಷಧಿ?"

"ಹೊಸದೊಂದು ಇನ್ನೂ ಪರೀಕ್ಷೆಯಲ್ಲಿದೆ. ಮೊದಲು ಇಂಥ ಪರೀಕ್ಷೆಗೆ ಎಲ್ಲಾ ಬಗೆಯ ರೋಗಿಗಳನ್ನೂ ಒಟ್ಟಿಗೆ ಸೇರಿಸ್ತಿದ್ರು. ಯಾರಿಗೆ ನಾಟಿತು, ಯಾರಿಗಿಲ್ಲ, ತಿಳೀತಾನೇ ಇರಲಿಲ್ಲ. ಈಗ ನಾವು ಇವರಂಥವರನ್ನಷ್ಟೇ ಸೇರಿಸ್ಕೊಳ್ತಿದೀವಿ. ವಾಸಿಯಾಗುತ್ತೆ ಅಂತ ಮಾತು ಕೊಡಲಾರೆ. ಇಬ್ಬರೂ ಯೋಚಿಸಿ ನಾಳೆ ಹೇಳಿ."

ಅವಳಿಗೆ ಈಗ ಡಾಕ್ಟರಮ್ಮನ ಮೇಲೂ ಗುಮಾನಿ. ವಾಸಿಯಾಗುತ್ತದೋ ಇಲ್ಲವೋ ಗೊತ್ತಿಲ್ಲದ ಮೇಲೆ ಇಷ್ಟು ನಯವಾಗಿ ಯಾಕೆ ಕರೆಯುತ್ತಾರೆ? ಬೆಳ್ಳಗಿರುವುದೆಲ್ಲ ಹಾಲಲ್ಲ. ಇವನ ನಾಟಕ ಬಯಲಾದರೆ ಈ ಔಷಧಿಯ ಗೊಡವೆಯೇ ಬೇಡ ಎಂದುಕೊಂಡು ಮನೆಗೆ ಬಂದಳು.

ಬೆಳಿಗ್ಗೆ, ತನಗೆಂದು ವರ್ಷಗಟ್ಟಲೆ ಎತ್ತಿಟ್ಟಿದ್ದ ನೀಲಿ ಉಣ್ಣೆಬಟ್ಟೆಯನ್ನು ಅವನ ಮುಂದೆ ಹರಡಿದಳು. ಎಂಥ ಹಟಮಾರಿಯಾದರೂ ಇದನ್ನು ಬೇಕೆಂದೇ ಕೆಡಿಸಲಾರ.

"ನಂಗೊಂದು ಕೋಟು ಬೇಕು. ಮೊದಲು ತೋಳು ಕತ್ತರಿಸಿ."

ಯಂತ್ರದ ಹಿಂದೆ ಕೂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಅವನು ತುಂಬಾ ಹೊತ್ತು ನಿಂತ. ಬಟ್ಟೆಯ ಮೇಲೆ ಕಾಗದದ ನಮೂನೆ ಇಟ್ಟು ಒಂದು ತೋಳು ಕತ್ತರಿಸಿದ. ಎಡತೋಳಿಗೆ ನಮೂನೆಯನ್ನು ಮಗುಚಬೇಕು, ಮಗುಚಲಿಲ್ಲ. ಹಾಗೇ ಪಕ್ಕಕ್ಕೆ ಸರಿಸಿ ಇನ್ನೊಂದು ಕತ್ತರಿಸಿದ. ಎರಡೂ ಬಲಗೈಯ ತೋಳು! ಕೆಲಸ ಕಲಿಯುವವರು ಒಮ್ಮೆ ಮಾಡಿ, ಬೈಸಿಕೊಂಡು, ಮತ್ತೆಂದೂ ಮಾಡದ ತಪ್ಪು. ಎರಡನ್ನೂ ಅಕ್ಕಪಕ್ಕ ಇಟ್ಟು, ಒಂದನ್ನು ತಿರುಗಿಸಿ ತಿರುಗಿಸಿ ಜೋಡಿ ಮಾಡಲು ನೋಡಿದ.

ಅಯ್ಯೋ, ಇದು ನಾಟಕವಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಓಡಿಬಂದು ಅವನ ಕೈ ಹಿಡಿದಳು.

"ಬಟ್ಟೆ ಹಾಳಾಗಿ ಹೋಗಲಿ ಬಿಡ್ರೀ. ಆಸ್ಪತ್ರೆಗೆ ಹೋಗಿ ಒಪ್ಕೊಳ್ಳೋಣ. ನಾನು ಇಷ್ಟು ದಿನ ಅಂದಿದ್ದೆಲ್ಲ ಮರೆತುಬಿಡಿ."

"ಅದೇ ಕಣೇ ಕಷ್ಟ," ಎಂದ ಅವನು. "ಒಂದೂ ಮರೆತಿಲ್ಲ."