ಒಂದು ಸಾಲು ಉರ್ದು, ಒಂದು ಸಾಲು ಕನ್ನಡ

ನಮ್ಮ ಮನೆಯ ಬಾಗಿಲ ಪಕ್ಕ ಒಂದು ಹಿತ್ತಾಳೆ ಫಲಕವಿದೆ. ಅದರಲ್ಲಿ ಮಾವನವರ ಹೆಸರು, ಅವರ ಡಿಗ್ರಿ. ಕೆಳಗೆ ನನ್ನ ಗಂಡನ ಹೆಸರು, ಅವರ ಡಿಗ್ರಿ. ಮದುವೆಯಾಗಿ ಬಂದ ಹೊಸದರಲ್ಲಿ ನನ್ನದನ್ನೂ ಕೆತ್ತಿಸೋಣ ಎಂದಾಗ ಅತ್ತೆ, "ಅದರಾಗ ಜಾಗಾ ಎಲ್ಲೈತಿ?" ಎಂದರು. ಜಾಗವಿತ್ತು. ಒಂದು ಗಣಪತಿ ಕೂರುವಷ್ಟಿತ್ತು.

ಅವರ ಮನೆತನದಲ್ಲಿ ಡಿಗ್ರಿ ಎಂದರೆ ಉಪ್ಪಿನಕಾಯಿ ಇದ್ದಂತೆ, ವರ್ಷಾ ವರ್ಷಾ ಯಾರಾದರೂ ಹಾಕುತ್ತಾರೆ. ನನ್ನ ಅಪ್ಪ ಹೆಬ್ಬೆಟ್ಟು ಒತ್ತುವವನು. ನಾನು ಹಗಲು ಅಬಿಡ್ಸ್‌ನ ಪುಸ್ತಕದಂಗಡಿಯಲ್ಲಿ ಬಿಲ್ಲು ಬರೆದು, ಸಂಜೆ ಕಾಲೇಜಿನಲ್ಲಿ ತೂಕಡಿಸಿ, ಇಂಗ್ಲಿಷ್ ಪೇಪರಿನಲ್ಲಿ ಬಿದ್ದು ಎದ್ದು ಬಿ.ಎ. ಮಾಡಿದವಳು. ಆ ಎರಡಕ್ಷರ ಬಾಗಿಲಿಗೆ ಬರಲೇಬೇಕಿತ್ತು. ಹಿತ್ತಾಳೆಯಲ್ಲಿ ಆಗದಿದ್ದರೆ ದಾರದಲ್ಲಿ. ದಸರೆಗೆ ನೆಂಟರು ಬರುವ ಮೊದಲು ಕ್ರೋಶಾ ತೋರಣ ಹೆಣೆದು ಕಟ್ಟುತ್ತೇನೆಂದು ಕೊಕ್ಕೆಸೂಜಿ ಹಿಡಿದೆ.

ಕ್ರೋಶಾ ಚಿತ್ರವೆಂದರೆ ಚೌಕಳಿ ಮನೆಗಳ ಲೆಕ್ಕ: ತುಂಬಿದ ಮನೆ, ಖಾಲಿ ಮನೆ. ಅದಕ್ಕೆ ನಕ್ಷೆ ಬೇಕು. ಕ್ರೋಶಾದ್ದೇ ಸಾಫ್ಟ್‌ವೇರ್ ಕೈಗೆ ಸಿಗಲಿಲ್ಲ. ಬಟ್ಟೆಯ ಮೇಲೆ ಹಾಕುವ ಕ್ರಾಸ್ ಸ್ಟಿಚ್ಚಿನದೊಂದು ಪುಕ್ಕಟೆ ಸಿಕ್ಕಿತು. ಎರಡೂ ಚೌಕಳಿಯೇ ಅಲ್ಲವೇ ಎಂದು ನನ್ನ ಘಟಿಕೋತ್ಸವದ ಫೋಟೋ ಕೊಟ್ಟೆ. ಬಾಡಿಗೆ ಗೌನಿಗೆ ಅದು ಏಳು ಬಗೆಯ ಕಪ್ಪು ದಾರ ಕೇಳಿತು. ಎರಡೇ ಬಣ್ಣ ಸಾಕೆಂದು ಒತ್ತಿದರೆ ನಾನೇ ಮಾಯ. ಉಳಿದದ್ದು ಟೋಪಿ, ಕೆಳಗೆ ಹಲ್ಲು.

ಫೋಟೋ ಬಿಟ್ಟು 'ಬಿ.ಎ.' ಎಂದು ಟೈಪ್ ಮಾಡಿದೆ. ಅದಕ್ಕೆ ಕನ್ನಡದ ಗುಡಿಸು ಗೊತ್ತಿಲ್ಲ. ಬ ಒಂದು ಕಡೆ, ಗುಡಿಸು ಒಂದು ಕಡೆ, ಜಗಳವಾಡಿದ ಗಂಡಹೆಂಡಿರ ಹಾಗೆ. ಇನ್ನೊಂದು ತಕರಾರು: ಕ್ರಾಸ್ ಸ್ಟಿಚ್ಚಿನ ಮನೆ ಸಮಚೌಕ, ನನ್ನ ಕೈಯ ಮನೆ ಅಗಲ ಹೆಚ್ಚು, ಎತ್ತರ ಕಡಿಮೆ. ಒಂದು ತುಂಡು ಹೆಣೆದು ಅಳೆದು, ಅಡ್ಡಕ್ಕೊಂದು ಉದ್ದಕ್ಕೊಂದು ಅಳತೆ ಕೊಟ್ಟೆ. ಆಮೇಲೆ ಒಂದೊಂದೇ ಚೌಕ ಒತ್ತಿ ಅಕ್ಷರ ತುಂಬಿದೆ. ಅತ್ತೆಗೆ ಲಂಚವಾಗಿ ಕೆಳಗೆ ನಟ್ಟನಡುವೆ ತುಳಸಿ ವೃಂದಾವನ ಇಟ್ಟೆ.

ಸುಲ್ತಾನ್ ಬಜಾರಿನಿಂದ ಬಿಳಿ ದಾರ ತಂದು ಬುಡದಿಂದ ಶುರು ಮಾಡಿದೆ. ವೃಂದಾವನ ಅಚ್ಚುಕಟ್ಟಾಗಿ ಎದ್ದಿತು. ಅತ್ತೆ ಅದಕ್ಕೆ ಕೈಯೂ ಮುಗಿದರು. ಅದರ ಮೇಲೆ ಅಕ್ಷರ ಬಂದಾಗ ಹತ್ತಿರ ಬಗ್ಗಿದರು.

"ಏನವಾ ಇದು? ಇಲಿ ಕಡದೈತೇನು?"

"ಬಿ.ಎ. ರೀ, ಅತ್ತಿಯವರ."

"ನಿಂದಾ? ಹಂಗಿದ್ರ ಇಲಿ ಕಡದದ್ದು ಖರೆ ಇರಬೇಕ ಬಿಡು."

ಮಾವನವರು ಕನ್ನಡಕ ಏರಿಸಿದರು. ಶಾಲೆಯಲ್ಲಿ ಉರ್ದು ಓದಿ, ನಾಂಪಲ್ಲಿಯ ಕಚೇರಿಯಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವರು. "ಒಂದ್ ಸಾಲು ಕನ್ನಡ ಹೋದಂಗ ಹೊಂಟೈತಿ, ಒಂದ್ ಸಾಲು ಉರ್ದು ಹಂಗ ಬಲದಿಂದ ಹೊಳ್ಳಿ ಬರಾಕತ್ತೈತಿ. ಥೇಟ್ ನಮ್ಮ ಮನಿ ಮಾತು!" ಎಂದು ಹೊಟ್ಟೆ ಹಿಡಿದು ನಕ್ಕರು.

ನಾನು ನಗಲಿಲ್ಲ. ನಕ್ಷೆ ತೆಗೆದು ನೋಡಿದೆ. ಕ್ರಾಸ್ ಸ್ಟಿಚ್ಚಿನಲ್ಲಿ ಬಟ್ಟೆ ಇದ್ದ ಹಾಗೇ ಇರುತ್ತದೆ, ನಕ್ಷೆಯನ್ನು ಎತ್ತಲಿಂದ ಓದಿದರೂ ನಡೆಯುತ್ತದೆ. ಕ್ರೋಶಾದಲ್ಲಿ ಸಾಲು ಮುಗಿದೊಡನೆ ಹೆಣಿಗೆಯನ್ನೇ ತಿರುಗಿಸುತ್ತೇವೆ. ನಾನೋ ಪ್ರತಿ ಸಾಲನ್ನೂ ಕನ್ನಡ ಶಾಲೆಯ ಹುಡುಗಿಯಂತೆ ಎಡದಿಂದಲೇ ಓದಿದ್ದೆ. ವೃಂದಾವನ ಎರಡೂ ಬದಿ ಒಂದೇ ಥರ ಇದ್ದುದರಿಂದ ದೇವರಂತೆ ಸುಮ್ಮನಿತ್ತು. ಅಕ್ಷರ ಚಾಡಿ ಹೇಳಿತು.

ವೃಂದಾವನದ ತನಕ ಬಿಚ್ಚಿದೆ. ಗೊಣಗುತ್ತ ಮತ್ತೆ ಹೆಣೆದೆ: ಒಂದು ಸಾಲು ಉರ್ದು, ಒಂದು ಸಾಲು ಕನ್ನಡ. ಈ ಸಲ ಬಿ ಗುಡಿಸಿನ ಸಮೇತ ನೆಟ್ಟಗೆ ನಿಂತಿತು, ಪಕ್ಕದಲ್ಲಿ ಎ.

ದಸರೆಗೆ ಬಂದ ಮಾವನವರ ಅಕ್ಕ ಹೊಸಿಲಲ್ಲೇ ನಿಂತು ತೋರಣದತ್ತ ತಲೆಯೆತ್ತಿದರು. "ಯಾರದಿದು ಬಿ.ಎ.? ನಮ್ಮ ತಮ್ಮಂದಾ?"

ಮಾವನವರು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮುಂದೆ ಬಂದರು. "ಅವರದು ಹಿತ್ತಾಳಿ ಮ್ಯಾಲೆ ಐತಿ, ಓದ್ಕೊಳ್ರಿ. ಇದರಾಗ ವೃಂದಾವನ ನಂದು, ಬಿ.ಎ. ಆಕಿದು. ಬಗ್ಗಿ ಬರ್ರಿ ಒಳಗ, ತಲಿ ಎಣ್ಣಿ ಇದಕ್ಕ ಹತ್ತತೈತಿ."